ಹೊನ್ನವ್ವ ಬಿಚ್ಚದ ನಕಾಶೆ

ಗಜೇಂದ್ರಗಡದ ಗುಡ್ಡದ ಬುಡದ ಓಣಿಯಲ್ಲಿ ಯಾರ ಮನೆಯ ಹಾಸಿಗೆ ಬಿಡಿಸಿದರೂ ಹೊನ್ನವ್ವನ ಕೈಕೆಲಸ ಕಾಣುತ್ತಿತ್ತು. ಹಳೆಯ ಸೀರೆ, ಹರಿದ ಧೋತರ, ಕೂಸಿನ ಕುಲಾಯಿ, ಏನು ಕೊಟ್ಟರೂ ಒಯ್ದು ಕೌದಿ ಹೊಲಿದು ಕೊಡುತ್ತಿದ್ದಳು. ಗಂಡ ಈಶಪ್ಪ ಕೈಮಗ್ಗದಲ್ಲಿ ಸೀರೆ ನೇಯುವವನು. "ನನ್ನ ಗಂಡ ಹೊಸಾ ಅರಿವಿ ಮಾಡತಾನ, ನಾ ಹಳೇದಕ್ಕ ಜೀವಾ ಕೊಡತೀನಿ. ನಡಕ ಹರಿಯೋ ಕೆಲಸ ಊರವ್ರು ಮಾಡತಾರ" ಎಂದು ಬಂದವರಿಗೆಲ್ಲ ಹೇಳಿ ನಗುವಳು.

ಅವಳಿಗೆ ಆಗ ಐವತ್ತರ ಹತ್ತಿರ. ಕನ್ನಡಕದ ಒಂದು ಕಾಲು ಮುರಿದು ಅದರ ಜಾಗದಲ್ಲಿ ದಾರ ಕಟ್ಟಿಕೊಂಡಿದ್ದಳು. ದವಡೆಯಲ್ಲಿ ಯಾವಾಗಲೂ ಎಲೆ ಅಡಿಕೆ. ಅವಳಿಗೆ ಎರಡು ಕಟ್ಟುಪಾಡುಗಳಿದ್ದವು. ಒಮ್ಮೆ ಹೊಲಿದದ್ದನ್ನು ಬಿಚ್ಚುವುದಿಲ್ಲ, ಇದು ಒಂದು. ಇನ್ನೊಂದು, ಕೌದಿಯ ಕೊನೆಯ ತುಂಡನ್ನು ಕಚ್ಚಾ ಟಾಕಿ ಹಾಕಿ, ಅಂದರೆ ಉದ್ದುದ್ದ ಸಡಿಲ ಹೊಲಿಗೆ ಹಾಕಿ ಬಿಟ್ಟಿರುತ್ತಿದ್ದಳು. ಕೌದಿ ಕೊಡುವ ದಿನ ಆ ತುಂಡಿನ ಕೆಳಗೆ ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಇಟ್ಟು ಆಮೇಲೆ ಬಿಗಿಯಾಗಿ ಹೊಲಿಯುವಳು. ಕೌದಿಗೆ ಊಟ ಹಾಕುವುದು ಎಂದು ಇದಕ್ಕೆ ಹೆಸರು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಹಸದ ಕೌದಿ ಮಂದೀನ್ನ ಬೆಚ್ಚಗ ಹ್ಯಾಂಗ ಇಡತೈತ್ರಿ ಮಾಸ್ತರ?" ಎಂದು ನನ್ನನ್ನೇ ಕೇಳಿದ್ದಳು.

ನಾನು ಜಯತೀರ್ಥ, ಭೂಗೋಳದ ಮಾಸ್ತರ. ೧೯೫೭ರಲ್ಲಿ ನನಗೆ ಇಪ್ಪತ್ತಾರು ವರ್ಷ. ಸಿಟ್ಟು ಮಾತ್ರ ಅರವತ್ತರ ಮುದುಕನದು ಎಂದು ನನ್ನ ತಾಯಿ ಗಂಗಾಬಾಯಿ ಹೇಳುತ್ತಿದ್ದಳು. ನೌಕರಿ ಹಂಗಾಮಿ. ಮೂರು ವರ್ಷದಲ್ಲಿ ನರೇಗಲ್, ಸೂಡಿ, ಇಟಗಿ ಮುಗಿಸಿ ಗಜೇಂದ್ರಗಡ ನಾಲ್ಕನೆಯ ಊರು. ಹೋದಲ್ಲೆಲ್ಲ ಅವ್ವ ಹಿತ್ತಿಲಲ್ಲಿ ಒಂದು ಕರಿಬೇವಿನ ಸಸಿ ಹಚ್ಚುವಳು. ಅದು ಒಗ್ಗರಣೆಗೆ ಆಗುವಷ್ಟು ಚಿಗುರುವ ಹೊತ್ತಿಗೆ ನನಗೆ ವರ್ಗದ ಕಾಗದ ಬರುವುದು. ಹಿಂದಿನ ವರ್ಷ ಕನ್ನಡ ನಾಡು ಒಂದಾಗಿ ನಮ್ಮ ಇಡೀ ತಾಲೂಕು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಕೂತಲ್ಲಿಂದಲೇ ಸರಿದಿತ್ತು. ನಾನು ಮಾತ್ರ ಟ್ರಂಕು ಹೊತ್ತುಕೊಂಡೇ ಸರಿಯಬೇಕಾಗಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ದಿಪೋಟಿ ಸಾಹೇಬರು, ಅಂದರೆ ಶಾಲಾ ಇನ್ಸ್‌ಪೆಕ್ಟರು, ನಮ್ಮ ಶಾಲೆಯ ತಪಾಸಣೆಗೆ ಬರುವವರಿದ್ದರು. ಅವರ ಮುಂದೆ ನಾನು ಭೂಗೋಳದ ಪಾಠ ಮಾಡಬೇಕು. ಅವರು ಒಳ್ಳೆಯ ಷರಾ ಬರೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಐದನೆಯ ಊರು, ಐದನೆಯ ಕರಿಬೇವು. "ಈ ಸಲದ ಗಿಡದ ಒಗ್ಗರಣಿ ನನಗ ಉಣ್ಣಲಿಕ್ಕೆ ಸಿಗತದೇನೋ ಜಯಾ?" ಎಂದು ಅವ್ವ ದಿನಾ ಒಮ್ಮೆ ಕೇಳುತ್ತಿದ್ದಳು. ತಮಾಷೆಗೆ ಕೇಳುತ್ತಿದ್ದಳು, ಆದರೆ ನನಗೆ ತಮಾಷೆ ಅನಿಸುತ್ತಿರಲಿಲ್ಲ.

ತಪಾಸಣೆಗೆ ಹತ್ತು ದಿನ ಇರುವಾಗ ಶಾಲೆಯ ಜಗತ್ತಿನ ನಕಾಶೆಯನ್ನು ತೆಗೆದು ಬಿಡಿಸಿದೆ. ಗೆದ್ದಲು ತಿಂದು ಮುಗಿಸಿತ್ತು. ಯುರೋಪು ಪೂರ್ತಿ ಹೋಗಿತ್ತು, ಶಾಂತಸಾಗರ ಅರ್ಧ ಉಳಿದಿತ್ತು. ಬೇರೆಯವರನ್ನು ಬೈಯಲು ಬಾಯಿ ತೆರೆದೆ, ಆದರೆ ಮಳೆಗಾಲದಲ್ಲಿ ಅದನ್ನು ಮೂಲೆಗೆ ನಿಲ್ಲಿಸಿ ಮರೆತವನು ನಾನೇ ಎಂಬುದು ನೆನಪಾಗಿ ಮುಚ್ಚಿಕೊಂಡೆ. ಹೊಸದನ್ನು ತರಿಸಲು ದಿನಗಳಿರಲಿಲ್ಲ.

"ಹೊನ್ನವ್ವನ್ನ ಕೇಳು. ಅರಿವಿಯಾಗ ಹೊಲದು ಕೊಡತಾಳ" ಎಂದು ಅವ್ವ ದಾರಿ ತೋರಿಸಿದಳು. ಇಬ್ಬರೂ ಆಗಲೇ ಗೆಳತಿಯರಾಗಿದ್ದರು.

ನನ್ನ ಬಳಿ ಅಂಗೈ ಅಗಲದ ಒಂದು ಅಟ್ಲಾಸ್ ಇತ್ತು. ಅದರ ಮೇಲೆ ಸಣ್ಣ ಚೌಕ, ಹಳೆಯ ಪತ್ರಿಕೆಗಳ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದೇ ಖಂಡವನ್ನು ದೊಡ್ಡದು ಮಾಡಿ ಬರೆದು ಕತ್ತರಿಸಿದೆ. ಎರಡು ಅಮೆರಿಕ, ಆಫ್ರಿಕ, ಆಸ್ಟ್ರೇಲಿಯ, ಯುರೋಪು ಏಷ್ಯ ಸೇರಿ ಒಂದು. ದಕ್ಷಿಣದ ಹಿಮಖಂಡಕ್ಕೆ ಪತ್ರಿಕೆ ಸಾಲಲಿಲ್ಲ, ಕೈಬಿಟ್ಟೆ. ಹಿಂದೂಸ್ಥಾನ ಎದ್ದು ಕಾಣಬೇಕೆಂದು ಅದನ್ನು ಬೇರೆಯೇ ಕತ್ತರಿಸಿದೆ. ಅದಕ್ಕೆ ಅವ್ವ ತನ್ನ ಟ್ರಂಕಿನಿಂದ ಗುಳೇದಗುಡ್ಡದ ಕೆಂಪು ಖಣ ತೆಗೆದುಕೊಟ್ಟಳು. ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಬೇಕು. ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬಿದ ಹುರುಪಿನಲ್ಲಿ ನಾನು ನನ್ನ ದೇಶವನ್ನು ಅಳತೆಗಿಂತ ನಾಲ್ಕು ಬೆರಳು ದೊಡ್ಡದಾಗಿಯೇ ಬರೆದಿದ್ದೆ.

ಹೊನ್ನವ್ವ ಪತ್ರಿಕೆಯ ತುಂಡುಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏನ್ರಿ ಇವು?"

"ಭೂಮಿ. ಇಡೀ ಜಗತ್ತಿನ ಭೂಮಿ."

"ಭೂಮಿ ಇಷ್ಟು ಹರದೈತೇನ್ರಿ?"

ನಾನು ನಕ್ಕೆ. ನೀಲಿ ಬಟ್ಟೆ ಹಾಸು, ಅದು ಸಮುದ್ರ, ಅದರ ಮೇಲೆ ಇವನ್ನಿಟ್ಟು ಹೊಲಿ, ಯಾವುದು ಎಲ್ಲಿ ಎಂದು ಈ ಪುಸ್ತಕದಲ್ಲಿ ಇದೆ, ಕೊಟ್ಟು ಹೋಗುತ್ತೇನೆ ಎಂದೆ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಮಾಸ್ತರರ ಎಂಟು ದಿನದ ಶಿಬಿರಕ್ಕೆ ನಾನು ರೋಣಕ್ಕೆ ಹೋಗಬೇಕಿತ್ತು. ಓಡಿ ಬಸ್ಸು ಹತ್ತಿದೆ. ರೋಣದಲ್ಲಿ ಚೀಲ ಬಿಚ್ಚಿದರೆ ಟವೆಲ್ಲಿನ ಕೆಳಗೆ ಅಟ್ಲಾಸ್ ಕೂತಿದೆ! ಹೋಗಲಿ, ಹೊನ್ನವ್ವ ನಾನು ಬರುವವರೆಗೆ ಕಾಯುತ್ತಾಳೆ ಅಂದುಕೊಂಡೆ. ಹೊನ್ನವ್ವ ಯಾರನ್ನೂ ಕಾಯುವ ಜಾತಿಯವಳಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ತಪಾಸಣೆಯ ಹಿಂದಿನ ದಿನ ಮೂರೂವರೆಯ ಬಸ್ಸಿಗೆ ಇಳಿದು ನೇರ ಅವಳ ಮನೆಗೆ ಹೋದೆ. ಪಡಸಾಲೆಯ ತುಂಬ ಕೌದಿ ಹಾಸಿತ್ತು. ಒಂದು ತುದಿಗೆ ಹೊನ್ನವ್ವ, ಇನ್ನೊಂದು ತುದಿಗೆ ಅವಳ ಹೊಲಿಗೆಯ ಜೊತೆಗಾತಿ ಮುಮತಾಜಬಿ, ಇಬ್ಬರೂ ಸೂಜಿ ಹಿಡಿದು ಕೂತಿದ್ದರು. ನೀಲಿಯ ನಡುವೆ ಭೂಮಿಯೆಲ್ಲ ಒಂದೇ ಮುದ್ದೆಯಾಗಿತ್ತು. ದಕ್ಷಿಣ ಅಮೆರಿಕ ಹೋಗಿ ಆಫ್ರಿಕದ ಸೊಂಟಕ್ಕೆ ಆತುಕೊಂಡಿತ್ತು. ಉತ್ತರ ಅಮೆರಿಕ ಯುರೋಪಿಗೆ ಹತ್ತಿತ್ತು. ಕೆಂಪು ಖಣದ ಹಿಂದೂಸ್ಥಾನ ಏಷ್ಯ ಬಿಟ್ಟು ಕೆಳಗಿಳಿದು ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ನಡುವೆ ಸೇರಿಕೊಂಡಿತ್ತು.

ಕೈಯ ಚೀಲ ಅಲ್ಲೇ ಬಿಟ್ಟೆ. ಆಮೇಲೆ ಬಾಯಿ ಬಂತು. ನೀನು ಅಟ್ಲಾಂಟಿಕ್ ಸಾಗರ ನುಂಗಿದೆ, ನನ್ನ ದೇಶವನ್ನು ಎತ್ತಿ ಒಗೆದೆ, ನನ್ನ ನೌಕರಿ ತಿಂದೆ ಎಂದು ಏನೇನೋ ಒದರಿದೆ. ಹೊನ್ನವ್ವ ಎಲೆ ಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಮಾಸ್ತರ್ ಸಾಬ್, ಮದ್ಲ ಚಾ ಕುಡೀರಿ. ಆಮ್ಯಾಲ ಒದರಾಕ ದನಿ ಬೇಕಲ್ರಿ" ಎಂದಳು ಮುಮತಾಜಬಿ.

ಚಹಾ ಕುಡಿದೆ. ದನಿ ಇಳಿಯಿತು. ಆಗ ಹೊನ್ನವ್ವ ನಾನು ಕೊಟ್ಟ ಪತ್ರಿಕೆಯ ತುಂಡುಗಳನ್ನು ತಂದು ನೆಲದ ಮೇಲಿಟ್ಟಳು. ದಕ್ಷಿಣ ಅಮೆರಿಕದ ಉಬ್ಬನ್ನು ಮೆಲ್ಲಗೆ ಸರಿಸಿ ಆಫ್ರಿಕದ ತಗ್ಗಿಗೆ ತಂದಳು. ಕೂತಿತು. ನಡುವೆ ಒಂದು ಬೆರಳು ಇಡಲು ಜಾಗ ಉಳಿಯಲಿಲ್ಲ.

"ನೋಡ್ರಿ, ನಾ ನಲವತ್ತು ವರ್ಷ ಹರದ ಅರಿವಿ ಕೂಡಿಸೀನಿ. ಯಾವ ಅಂಚು ಯಾವುದರಿಂದ ಹರದೈತಿ ಅಂತ ಬೆರಳಿಗೆ ಗೊತ್ತಾಗತೈತಿ. ಇವೆರಡೂ ಒಂದ ಅರಿವಿ ಇದ್ದೂ ಖರೇ. ಯಾರು ಹರದ್ರೋ ನನಗ ಗೊತ್ತಿಲ್ಲ."

"ಮತ್ತ ಹಿಂದೂಸ್ಥಾನ?"

"ಅದು ಮ್ಯಾಲಿನ ದೊಡ್ಡ ತುಂಡಿಗೆ ಕೂಡಲಿಲ್ರಿ, ನಾಕು ಬೆರಳು ಹೆಚ್ಚಾತು. ಕೆಳಗ ಇಟ್ಟು ನೋಡಿದೆ, ಎಡಕ್ಕೂ ಬಲಕ್ಕೂ ಚಲೋ ಕೂತ್ಕೊಂತು."

ನಾಲ್ಕು ಬೆರಳಿನ ಮಾತು ಬಂದಾಗ ನಾನು ಗೋಡೆಯ ಕಡೆ ನೋಡಿದೆ.

ಖರೆ ಹೇಳುತ್ತೇನೆ, ಆ ಹೊತ್ತು ನನಗೆ ನಾಚಿಕೆಯಾಯಿತು. ಮೂರು ವರ್ಷ ನಾಲ್ಕು ಊರುಗಳಲ್ಲಿ ಕೋಲು ಹಿಡಿದು ಈ ನಕಾಶೆ ತೋರಿಸಿದ್ದೆ. ಆಫ್ರಿಕದ ತಗ್ಗು, ಅಮೆರಿಕದ ಉಬ್ಬು ನಿತ್ಯ ಕಣ್ಣಮುಂದೆ ಇದ್ದವು. ಒಂದು ದಿನವೂ ನೋಡಿರಲಿಲ್ಲ. ನಾಚಿಕೆಯ ಹಿಂದೆಯೇ ಒಂದು ವಿಚಿತ್ರ ಸಂತೋಷವೂ ಬಂತು, ಕಾರಣ ಹೇಳಲು ಬರಲಿಲ್ಲ. ಆದರೆ ನಾಳೆ ತಪಾಸಣೆ. ಸಂತೋಷದಿಂದ ನೌಕರಿ ಕಾಯಂ ಆಗುವುದಿಲ್ಲ.

"ಬಿಚ್ಚವ್ವಾ. ಕಾಲು ಬೀಳತೀನಿ" ಎಂದೆ.

"ಹೊಲದದ್ದು ನಾ ಬಿಚ್ಚೂದಿಲ್ರಿ." ಆಮೇಲೆ ನನ್ನ ಮುಖ ನೋಡಿ ಅವಳಿಗೂ ಕರಗಿತು. "ಗಂಗಾಬಾಯಾರ ಕರಿಬೇವು ನನಗೂ ನೆನಪೈತಿ. ಈ ಕೆಂಪು ತುಂಡು ಕಡೀದು, ಇದಕ್ಕ ಬರೇ ಕಚ್ಚಾ ಟಾಕಿ ಹಾಕೀನಿ. ಬೇಕಾದ್ರ ಇದೊಂದು ಸರಸತೀನಿ."

ಹಾಗೆ ಆ ಸಂಜೆ ಹೊನ್ನವ್ವ ಹಿಂದೂಸ್ಥಾನವನ್ನು ಎತ್ತಿ ಉತ್ತರಕ್ಕೆ ಒಯ್ದಳು. ಅದು ಇದ್ದ ಜಾಗದಲ್ಲಿ ನೀಲಿ ಬಟ್ಟೆ ಕಂಡಿತು. ನೋಡಿದರೆ ಹಿಂದೂ ಮಹಾಸಾಗರ ತಾನಾಗಿ ತೆರೆದುಕೊಂಡಿತ್ತು. ಏಷ್ಯಕ್ಕೆ ಇಟ್ಟು ಹೊಲಿಯಲು ಕೂತರೆ ನಾಲ್ಕು ಬೆರಳು ಹೆಚ್ಚಿನ ಬಟ್ಟೆ ಅಡ್ಡ ಬಂತು. ಕತ್ತರಿ ತೆಗೆದುಕೊಂಡಳು.

"ಕತ್ತರಸಬ್ಯಾಡ! ನನ್ನ ದೇಶ ಅದು" ಎಂದು ನಾನು ಕೈ ಅಡ್ಡ ಹಿಡಿದೆ.

"ನಾ ಬಿಚ್ಚಾಕ ಒಲ್ಲೆ, ನೀವು ಕತ್ತರಸಾಕ ಒಲ್ಲಿರಿ. ಹಂಗಾದ್ರ ನಿರಿಗಿ ಏಳತಾವ ನೋಡ್ರಿ, ಆಮ್ಯಾಲ ನನಗ ಬೈಬ್ಯಾಡ್ರಿ" ಎಂದು ಅವಳು ಬಟ್ಟೆಯನ್ನು ದೂಡಿ ದೂಡಿ ಹೊಲಿದಳು. ಏಷ್ಯವೂ ಹಿಂದೂಸ್ಥಾನವೂ ಕೂಡಿದಲ್ಲಿ ಉದ್ದಕ್ಕೆ ನಿರಿಗೆಗಳು ಎದ್ದು ನಿಂತವು. ಕೆಳತುದಿ ಒಂದನ್ನು, ಕೌದಿಯ ಊಟಕ್ಕೆಂದು, ಕಚ್ಚಾ ಟಾಕಿಯಲ್ಲೇ ಬಿಟ್ಟಳು.

ಮರುದಿನ ಬೆಳಗ್ಗೆ ನಕಾಶೆಯನ್ನು ಗೋಡೆಗೆ ತೂಗುಹಾಕಿದೆ. ಎರಡೂ ಅಮೆರಿಕ, ಆಫ್ರಿಕದ ಮುಕ್ಕಾಲು ಪಾಲು ಬೆನ್ನ ಹಿಂದೆ ಹೋಗುವಂತೆ ಎಡಭಾಗವನ್ನು ಮಡಚಿ ಗುಂಡುಸೂಜಿ ಚುಚ್ಚಿದೆ. ಕಾಣುವಷ್ಟು ಭಾಗ ಸರಿಯಾಗಿಯೇ ಇತ್ತು. ಪಾಠವನ್ನೂ "ನಮ್ಮ ದೇಶ ಮತ್ತು ನೆರೆಹೊರೆ" ಎಂದು ಬದಲಿಸಿಕೊಂಡೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ದಿಪೋಟಿ ಪ್ರಭುಲಿಂಗಪ್ಪ ಸಾಹೇಬರು ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆಯವರು. ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತರು. ಪಾಠ ನಡೆಯಿತು. ಸಿಂಹಳ ಬಂತು, ಬರ್ಮಾ ಬಂತು, ನನಗೆ ಧೈರ್ಯವೂ ಬಂತು. ಇನ್ನೇನು ಗಂಟೆ ಹೊಡೆಯಬೇಕು, ಬಾಗಿಲಲ್ಲಿ ಹೊನ್ನವ್ವ! ಕೈಯಲ್ಲಿ ಮುತ್ತಲ ಎಲೆಯ ಪೊಟ್ಟಣ, ಕುಪ್ಪಸದ ತೋಳಿಗೆ ಸಿಕ್ಕಿಸಿದ ಸೂಜಿ ದಾರ.

"ತಪ್ಪು ತಿಳೀಬ್ಯಾಡ್ರಿ ಸಾಹೇಬರ. ಕೌದಿ ಇನ್ನೂ ಉಂಡಿಲ್ಲ. ಹಸದ ಕೌದಿ ಗ್ವಾಡಿಗೆ ಹಾಕ್ಯಾರ" ಎಂದು ಒಳಗೆ ಬಂದಳು. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಅವಳು ನೋಡಲಿಲ್ಲ, ಅವಳ ಕಣ್ಣೆಲ್ಲ ಮಡಚಿದ ಅಂಚಿನ ಮೇಲಿತ್ತು.

"ಯಾಕ್ರಿ ಮಾಸ್ತರ, ನನ್ನ ಕೌದಿ ಅರ್ಧಾ ಮುಚ್ಚೀರಿ? ಏನ್ ಹರದೈತೇನು, ಕಲೆ ಐತೇನು?" ಎಂದವಳೇ ಗುಂಡುಸೂಜಿ ಕಿತ್ತು ಎಡಭಾಗವನ್ನು ಬಿಟ್ಟುಬಿಟ್ಟಳು. ಆಫ್ರಿಕ ಬಂತು. ಅದರ ಸೊಂಟ ಹಿಡಿದುಕೊಂಡು ದಕ್ಷಿಣ ಅಮೆರಿಕವೂ ಬಂತು.

ಮಕ್ಕಳು ನಕ್ಕರು. ಸಾಹೇಬರು ನಗಲಿಲ್ಲ. ಎದ್ದು ಬಂದು ನಕಾಶೆಯ ಮುಂದೆ ನಿಂತರು.

"ಮಾಸ್ತರ, ಅಟ್ಲಾಂಟಿಕ್ ಸಾಗರ ಎಲ್ಲಿ ಹೋತ್ರಿ?"

ನನ್ನ ಕಣ್ಣಮುಂದೆ ಐದನೆಯ ಊರು ಬಂದು ನಿಂತಿತು. ಅವ್ವ ಮತ್ತೆ ಟ್ರಂಕಿಗೆ ಪಾತ್ರೆ ತುಂಬುವುದೂ ಕಾಣಿಸಿತು.

ಸಾಹೇಬರು ಕನ್ನಡಕ ತೆಗೆದು, ಬಗ್ಗಿ, ಆಸ್ಟ್ರೇಲಿಯದ ಪಕ್ಕದ ನೀಲಿ ಬಟ್ಟೆಯ ಮೇಲೆ ಬೆರಳಾಡಿಸಿದರು. ಅಲ್ಲಿ ಸಾಲಾಗಿ ಸೂಜಿಯ ತೂತುಗಳಿದ್ದವು. ಕಚ್ಚಾ ಟಾಕಿ ಕಿತ್ತರೂ ದಪ್ಪ ದಾರದ ತೂತುಗಳು ಹಾಗೇ ಉಳಿದಿದ್ದವು.

"ಯಾರವಾ ಇದನ್ನ ಹೊಲದಾಕಿ?"

"ನಾನ್ರಿ" ಎಂದಳು ಹೊನ್ನವ್ವ.

"ಈ ಕೆಂಪು ತುಂಡು ಮೊದಲ ಇಲ್ಲಿತ್ತೇನು?"

"ಹೌದ್ರಿ. ಅದರ ಜಾಗಾ ಅದ ಆಗಿತ್ತು. ಮಾಸ್ತರು ಗದ್ಲಾ ಮಾಡಿದ್ರಂತ ಮ್ಯಾಲ ಒಯ್ದೆ. ಅಳತಿ ಹೆಚ್ಚಿತ್ತು, ದೂಡಿ ಹೊಲದೆ, ಅದಕ್ಕ ನಿರಿಗಿ ಎದ್ದಾವ್ರಿ. ಖಾಲಿ ಆದ ಜಾಗಾದಾಗ ನೀರು ಬಂತು."

ಸಾಹೇಬರು ನಿರಿಗೆಗಳನ್ನು ಮುಟ್ಟಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಅಂಥ ನಗೆ ಆ ತೆಳ್ಳನೆಯ ದೇಹದಲ್ಲಿ ಎಲ್ಲಿ ಅಡಗಿತ್ತೋ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಮಕ್ಕಳ, ಇದು ಹಿಮಾಲಯ" ಎಂದರು, ನಿರಿಗೆಯ ಮೇಲೆ ಕೈಯಿಟ್ಟು.

ಅವರು ಪುಣೆಯಲ್ಲಿ ಭೂಗರ್ಭಶಾಸ್ತ್ರ ಓದಿದವರಂತೆ. ಪಾಠ ಆಮೇಲೆ ಅವರೇ ಮಾಡಿದರು. ನಲವತ್ತೈದು ವರ್ಷದ ಹಿಂದೆ ಜರ್ಮನಿಯ ಒಬ್ಬ ವಿದ್ವಾಂಸ, ಖಂಡಗಳೆಲ್ಲ ಒಂದು ಕಾಲಕ್ಕೆ ಒಂದೇ ನೆಲವಾಗಿದ್ದವು, ಹರಿದು ದೂರ ದೂರ ಸರಿದವು ಎಂದು ಬರೆದನಂತೆ. ಆಫ್ರಿಕದ ಅಂಚು, ಅಮೆರಿಕದ ಅಂಚು ಕೂಡುತ್ತವೆ, ಸಮುದ್ರದ ಆಚೆ ಈಚೆ ಒಂದೇ ತರಹದ ಕಲ್ಲು, ಒಂದೇ ತರಹದ ಸತ್ತ ಪ್ರಾಣಿಗಳ ಗುರುತು ಸಿಗುತ್ತವೆ ಎಂದು ತೋರಿಸಿದನಂತೆ. ಇಷ್ಟು ದೊಡ್ಡ ನೆಲವನ್ನು ದೂಡುವವರು ಯಾರು ಎಂದು ಬಹಳ ಜನ ನಕ್ಕುಬಿಟ್ಟರಂತೆ. "ನಮ್ಮ ಪ್ರೊಫೆಸರರೂ ನಕ್ಕಿದ್ರು. ನಾನೂ ನಕ್ಕಿದ್ದೆ" ಎಂದರು ಸಾಹೇಬರು.

"ಆದರ ಈಗ ಒಂದೆರಡು ವರ್ಷದಿಂದ ಮಾತು ಬದಲಾಗೇದ. ನಮ್ಮ ದಖ್ಖನ್ನಿನ ಕರೀ ಕಲ್ಲದಲ್ಲ, ಅದು ಒಂದಾನೊಂದು ಕಾಲಕ್ಕ ಕುದಿಯೋ ರಸ. ಆರಿ ಗಟ್ಟಿ ಆಗೋ ಹೊತ್ತಿನಾಗ ದಿಕ್ಸೂಚಿ ಹಂಗ ಭೂಮಿಯ ಅಯಸ್ಕಾಂತದ ದಿಕ್ಕು ಅದರೊಳಗ ಅಚ್ಚಾಗಿ ಉಳೀತದ. ವಿಲಾಯತಿಯವರು ಆ ಕಲ್ಲು ಒಯ್ದು ಅಳದು ನೋಡ್ಯಾರ. ಈ ನೆಲ ಆಗ ಭೂಮಧ್ಯರೇಖೆಗಿಂತ ಕೆಳಗ, ದಕ್ಷಿಣದಾಗ ಇತ್ತು ಅಂತ ಆ ಕಲ್ಲು ಹೇಳತದ." ಅವರು ಮತ್ತೆ ಸೂಜಿಯ ತೂತುಗಳನ್ನು ತೋರಿಸಿದರು. "ಇವು ಇದ್ದಂಗ. ತುಂಡು ಸರದ್ರೂ ತೂತು ಸುಳ್ಳು ಹೇಳೂದಿಲ್ಲ."

ದೂಡುವವರು ಯಾರು ಎಂಬುದು ಅಂದು ಸಾಹೇಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಮಕ್ಕಳಿಗೆ ಹೇಳಿದರು, ಅದಕ್ಕೆ ಅವರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಇದಾಗಿ ಹತ್ತು ಹನ್ನೆರಡು ವರ್ಷಕ್ಕೆ ಜಗತ್ತು ಒಪ್ಪಿಕೊಂಡಿತು. ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಖಂಡಗಳೂ ಸಮುದ್ರದ ತಳವೂ ಆ ಫಲಕಗಳ ಮೇಲೆ ಕೂತಿವೆ. ಸಮುದ್ರದ ನಡುವಿನ ಬಿರುಕಿನಲ್ಲಿ ಹೊಸ ಕಲ್ಲು ಹುಟ್ಟುತ್ತಿರುತ್ತದೆ, ಫಲಕಗಳು ಎರಡೂ ಕಡೆಗೆ ಸರಿಯುತ್ತಿರುತ್ತವೆ, ವರ್ಷಕ್ಕೆ ಉಗುರು ಬೆಳೆಯುವಷ್ಟು. ಹಿಂದೂಸ್ಥಾನ ಈಗಲೂ ಏಷ್ಯವನ್ನು ದೂಡುತ್ತಲೇ ಇದೆ, ಹಿಮಾಲಯದ ನಿರಿಗೆ ಈಗಲೂ ಏಳುತ್ತಲೇ ಇದೆ. ಇದನ್ನು ಓದಿದ ದಿನ ಪುಸ್ತಕ ಹಿಡಿದುಕೊಂಡು ಹೊನ್ನವ್ವನ ಮನೆಗೆ ಓಡಿದ್ದೆ. "ತಡಾ ಆದ್ರೂ ತಿಳಕೊಂಡ್ರಲ್ಲ, ಚಲೋ ಆತು" ಎಂದು ಸೂಜಿಗೆ ದಾರ ಪೋಣಿಸಿಕೊಂಡಳು.

ಆ ದಿನದ ಶಾಲೆಗೆ ಮರಳುತ್ತೇನೆ. ಹೊನ್ನವ್ವ ಪೊಟ್ಟಣ ಬಿಚ್ಚಿ ಹೋಳಿಗೆಯ ಚೂರು ಮುರಿದು, ಕೆಂಪು ತುಂಡಿನ ಕೆಳತುದಿಯಲ್ಲಿ, ಕನ್ಯಾಕುಮಾರಿಯ ಹತ್ತಿರ ಒಳಗೆ ಸೇರಿಸಿದಳು. "ಉಂಡು ತಣ್ಣಗಿರು" ಎಂದು ಹೇಳಿ ಹೊಲಿದು ದಾರ ಕಡಿದಳು. ಉಳಿದ ಹೋಳಿಗೆಯನ್ನು ಸಾಹೇಬರ ಕೈಗೆ ಕೊಟ್ಟಳು. ಅವರು ಅಲ್ಲೇ ನಿಂತು ತಿಂದು, ಕೈ ಒರೆಸಿಕೊಂಡು, ತಪಾಸಣೆಯ ಪುಸ್ತಕ ತರಿಸಿ ಷರಾ ಬರೆದರು. ನನ್ನ ಕಡೆ ನೋಡದೆ ಹೊರಟುಹೋದರು.

ಪುಸ್ತಕ ತೆರೆಯಲು ನನಗೆ ಕೈ ಬರಲಿಲ್ಲ. "ಓದ್ರಿ ಮಾಸ್ತರ, ಏನಂತ ಬರದಾರ?" ಎಂದು ಹೊನ್ನವ್ವ ಬಿಡಲಿಲ್ಲ. ಅವಳೂ ಜಗಿಯುವುದನ್ನು ನಿಲ್ಲಿಸಿದ್ದಳು. ಓದಿದೆ.

"ನಕಾಶೆ ತಪ್ಪಿದೆ. ಆದರೆ ಬಿಚ್ಚಕೂಡದು. ಮಾಸ್ತರರು ಅದನ್ನು ಮಡಚಿ ಇಟ್ಟದ್ದು ಸರಿಯಲ್ಲ, ಇನ್ನು ಮುಂದೆ ಪೂರ್ತಿ ಬಿಡಿಸಿ ಕಲಿಸಬೇಕು. ಹಾಗೆ ಕಲಿಸಲು ಇವರು ಇದೇ ಶಾಲೆಯಲ್ಲಿ ಇರುವುದು ಅಗತ್ಯ. ಕಾಯಂ ಮಾಡಬೇಕೆಂದು ಶಿಫಾರಸು."

ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿಕೊಂಡಿತ್ತು.

"ತಪ್ಪಿದೆ ಅಂತ ನಿಮಗ ಬರದಾರ. ಬಿಚ್ಚಕೂಡದು ಅಂತ ನನಗ ಬರದಾರ. ಅಷ್ಟು ತಿಳೀತು" ಎಂದಳು ಹೊನ್ನವ್ವ. "ಈ ಕಾಯಂ ಅಂದ್ರೇನ್ರಿ?"

"ಇನ್ನ ನನ್ನನ್ನ ಊರಿಂದ ಊರಿಗೆ ಸರಸೂದಿಲ್ಲವ್ವ. ಇಲ್ಲೇ ಇರತೀನಿ."

ಅವಳು ಮತ್ತೆ ಜಗಿಯಲು ಶುರು ಮಾಡಿದಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಬಾಯಿ ತುಂಬ ನಕ್ಕಳು.

"ಅಂದ್ರ ಇಷ್ಟು ದಿವಸ ನಿಮಗ ಬರೇ ಕಚ್ಚಾ ಟಾಕಿ ಹಾಕಿ ಬಿಟ್ಟಿದ್ರು. ಈಗ ಹೊಲದ್ರು. ನಡೀರಿ ಮನೀಗೆ, ನಿಮ್ಮ ಅವ್ವ ಕರಿಬೇವಿನ ಒಗ್ಗರಣಿ ಹಾಕಲಿ, ನೀವೂ ಇನ್ನೂ ಉಂಡಿಲ್ಲ."